ಹಾಡಿಗೂ ಒಂದು ಪಹಣಿ ಬೇಕು: ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಬಹಿರಂಗ ಪತ್ರ

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾನ್ಯ ಸಚಿವರಿಗೆ, ನಿರ್ದೇಶಕರಿಗೆ, ಸಂಗೀತ ನೃತ್ಯ ಅಕಾಡೆಮಿ ಮತ್ತು ಜಾನಪದ ಅಕಾಡೆಮಿಯ ಅಧ್ಯಕ್ಷರಿಗೆ,

ನಮಸ್ಕಾರ.

ನಾನು ಧಾರವಾಡದ ಕಡೆಯವನು. ಹಾಡು ಬರೆಯುತ್ತೇನೆ, ಟ್ಯೂನ್ ಹಾಕುತ್ತೇನೆ, ಗೆಳೆಯರ ಜೊತೆ ಸೇರಿ ಹಾಡುತ್ತೇನೆ. ಸಿನಿಮಾಕ್ಕೆ ಕೆಲಸ ಮಾಡಿಲ್ಲ, ಯಾವ ಆಡಿಯೋ ಕಂಪನಿಯ ಜೊತೆಗೂ ಇಲ್ಲ. ನನ್ನಂಥವರು ಈಗ ಎಲ್ಲ ಜಿಲ್ಲೆಯಲ್ಲೂ ಸಿಗುತ್ತಾರೆ. ಮನೆಯ ಒಂದು ಕೋಣೆಯಲ್ಲಿ ಲ್ಯಾಪ್‌ಟಾಪು, ಮೈಕು, ಸದ್ದು ಒಳಗೆ ಬರದ ಹಾಗೆ ಕಿಟಕಿಗೆ ಕಂಬಳಿ. ಅಲ್ಲೇ ರ‍್ಯಾಪ್ ಆಗುತ್ತದೆ, ತತ್ವಪದ ಆಗುತ್ತದೆ, ಭಾವಗೀತೆಯೂ ಆಗುತ್ತದೆ.

ಇಲಾಖೆಯಿಂದ ನಾವು ಮುಖ್ಯವಾಗಿ ಕೇಳುತ್ತಿರುವುದು ಒಂದನ್ನೇ. ಹಾಡು ಕೊಡುವವನೂ ತೆಗೆದುಕೊಳ್ಳುವವನೂ ಓದಿ, ಅರ್ಥ ಮಾಡಿಕೊಂಡು ಸಹಿ ಹಾಕುವಂಥ ಮಾದರಿ ಕರಾರು ಪತ್ರ ಕನ್ನಡದಲ್ಲಿ ಬೇಕು. ಅದನ್ನು ಇಲಾಖೆ ಮೊದಲು ತಾನೇ ಬಳಸಬೇಕು. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕೆಲವು ವರ್ಷಗಳ ಹಿಂದೆ ಒಂದು ಆಡಿಯೋ ಕಂಪನಿಯವರು ನಮ್ಮ ಹಾಡೊಂದನ್ನು ಕೇಳಿದರು. ಕರಾರು ಪತ್ರ ಇಮೇಲಿನಲ್ಲಿ ಬಂತು. ಪುಟಗಟ್ಟಲೆ ಇಂಗ್ಲಿಷು. ತಿರುಳು ಇಷ್ಟು: ಸಾಹಿತ್ಯ, ರಾಗ ಸಂಯೋಜನೆ, ರೆಕಾರ್ಡಿಂಗ್ ಮೂರೂ ಕಂಪನಿಗೆ. ಎಷ್ಟು ವರ್ಷ ಅನ್ನುವ ಮಿತಿ ಇಲ್ಲ. ಈಗ ಇರುವ ಮತ್ತು ಮುಂದೆ ಹುಟ್ಟಬಹುದಾದ ಎಲ್ಲ ಮಾಧ್ಯಮಗಳಲ್ಲೂ ಅವರದೇ ಹಕ್ಕು. ನಮಗೆ ಒಂದು ಸಲದ ದುಡ್ಡು, ಆಮೇಲೆ ಏನೂ ಇಲ್ಲ. ಒಂದು ಕಡೆಯಂತೂ ಭೂಮಿ ಸಾಲದೆ ಇಡೀ ಬ್ರಹ್ಮಾಂಡ ಅಂತಲೇ ಬರೆದಿದ್ದರು. ನಾಳೆ ಮಂಗಳ ಗ್ರಹದಲ್ಲಿ ಜಾತ್ರೆ ನಡೆದರೆ ಅಲ್ಲಿಯೂ ನಮ್ಮ ಹಾಡು ಅವರದೇ! ನಾವು ಸಹಿ ಹಾಕಲಿಲ್ಲ. ನಮ್ಮಲ್ಲಿ ಒಬ್ಬನಿಗೆ ಅಷ್ಟೂ ಪುಟ ಓದುವ ತಾಳ್ಮೆ ಇತ್ತು, ಅಷ್ಟೇ. ಅಂಥ ಗೆಳೆಯ ಇಲ್ಲದ ಎಷ್ಟೋ ಹುಡುಗರು ಕೊನೆಯ ಪುಟಕ್ಕೆ ಹೋಗಿ ಹೆಸರು ಬರೆದು ಕಳಿಸುತ್ತಾರೆ.

ತಮಾಷೆ ಏನೆಂದರೆ, ಅಂಥ ಪತ್ರಗಳಲ್ಲಿರುವ ಎಷ್ಟೋ ಮಾತು ನಮ್ಮ ದೇಶದ ಕಾನೂನಿನ ಮುಂದೆ ನಿಲ್ಲುವುದಿಲ್ಲ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಗೆ 2012ರಲ್ಲಿ ದೊಡ್ಡ ತಿದ್ದುಪಡಿ ಬಂತು. ಹಾಡು ಬರೆದವರು, ರಾಗ ಹಾಕಿದವರು ತಮ್ಮ ಹಕ್ಕನ್ನು ಕಂಪನಿಗೆ ಬರೆದುಕೊಟ್ಟ ಮೇಲೂ ರಾಯಲ್ಟಿಯಲ್ಲಿ, ಅಂದರೆ ಹಾಡು ಬಳಸಿದಾಗಲೆಲ್ಲ ಬರುವ ದುಡ್ಡಿನಲ್ಲಿ, ಸಮಪಾಲು ಅವರದೇ ಅಂತ ಅದು ಹೇಳುತ್ತದೆ. ಆ ಪಾಲನ್ನು ಬಿಟ್ಟುಕೊಡುವುದಕ್ಕೂ ಆಗುವುದಿಲ್ಲ. ಮಕ್ಕಳಿಗೆ, ವಾರಸುದಾರರಿಗೆ ಕೊಡಬಹುದು, ಅಥವಾ ವಸೂಲಿ ಮಾಡಿ ಹಂಚುವುದಕ್ಕೆ ಕೃತಿಸ್ವಾಮ್ಯ ಸಂಘಕ್ಕೆ ವಹಿಸಬಹುದು. ಬೇರೆಯವರಿಗೆ ಬರೆದುಕೊಟ್ಟರೂ ಆ ಮಾತಿಗೆ ಬೆಲೆ ಇಲ್ಲ. ಸಿನಿಮಾ ಹಾಡಿಗಷ್ಟೇ ಅಲ್ಲ, ಸಿನಿಮಾಕ್ಕೆ ಸೇರದ ಹಾಡಿಗೂ ಇದೇ ನಿಯಮ.

ಇನ್ನೂ ಇದೆ. ಕರಾರಿನಲ್ಲಿ ಅವಧಿ ಬರೆಯದಿದ್ದರೆ ಅದು ಐದೇ ವರ್ಷ ಅಂತ ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ತೆಗೆದುಕೊಂಡವನು ಒಂದು ವರ್ಷದೊಳಗೆ ಅದನ್ನು ಬಳಸದೆ ಇಟ್ಟುಕೊಂಡರೆ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ಆ ಹಕ್ಕು ಬಿದ್ದುಹೋಗುತ್ತದೆ. ರಾಯಲ್ಟಿ ಎಷ್ಟು ಅನ್ನುವುದನ್ನೂ ಬರೆಯಲೇಬೇಕು. ಇಷ್ಟು ಒಳ್ಳೆಯ ಕಾನೂನು ನಮ್ಮ ಕೈಯಲ್ಲಿದ್ದೂ ನಮ್ಮ ಹಾಡುಗಾರರಿಗೆ ಗೊತ್ತಿಲ್ಲ. ಕನ್ನಡದಲ್ಲಿ, ಒಂದು ಪುಟದಲ್ಲಿ ಯಾರೂ ಬರೆದು ಕೈಗೆ ಕೊಟ್ಟಿಲ್ಲ.

ಈ ತಿದ್ದುಪಡಿ ಸುಮ್ನೆ ಬಂದದ್ದಲ್ಲ. 1977ರಲ್ಲಿ ಸುಪ್ರೀಂ ಕೋರ್ಟ್, ದುಡ್ಡು ಕೊಟ್ಟು ಹಾಡು ಮಾಡಿಸಿದ ನಿರ್ಮಾಪಕನೇ ಅದರ ಮೊದಲ ಮಾಲೀಕ, ಬೇರೆ ಒಪ್ಪಂದ ಇಲ್ಲದಿದ್ದರೆ ಸಂಯೋಜಕರಿಗೆ, ಗೀತೆ ಬರೆದವರಿಗೆ ಹಕ್ಕು ಉಳಿಯುವುದಿಲ್ಲ ಅಂತ ಹೇಳಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಹಾಡುಗಾರರ ಪರವಾಗಿ ಒಂದು ಟಿಪ್ಪಣಿಯನ್ನೂ ಸೇರಿಸಿದರು. ಕಾನೂನು ಬದಲಾಗುವುದಕ್ಕೆ ಆಮೇಲೆ 35 ವರ್ಷ ಹಿಡಿಯಿತು. ಅಷ್ಟು ಕಾದು ಪಡೆದ ಹಕ್ಕು ಈಗ ಇಂಗ್ಲಿಷ್ ಪುಟಗಳ ಅಡಿಯಲ್ಲಿ ಕಳೆದುಹೋಗುತ್ತಿದೆ.

ಒಂದು ಹಾಡಿಗೆ ಒಬ್ಬರಿಗಿಂತ ಜಾಸ್ತಿ ಮಾಲೀಕರು ಇರಬಹುದು ಅನ್ನುವುದನ್ನು ಇಲಾಖೆಗೆ ನಾನು ಹೇಳಿಕೊಡಬೇಕಾಗಿಲ್ಲ. ನಾಡಗೀತೆಯ ಸಾಹಿತ್ಯ ಕುವೆಂಪು ಅವರದು. ರಾಗ ಯಾರದು ಇರಬೇಕು ಅಂತ ನಮ್ಮಲ್ಲಿ ಎಷ್ಟು ವರ್ಷ ಚರ್ಚೆ ನಡೆಯಿತು! ಮೈಸೂರು ಅನಂತಸ್ವಾಮಿ ಅವರ ಸಂಯೋಜನೆಯೋ, ಸಿ. ಅಶ್ವಥ್ ಅವರದೋ? ಕೊನೆಗೆ 2022ರಲ್ಲಿ ಅನಂತಸ್ವಾಮಿ ಅವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ ಸರ್ಕಾರವೇ ಆದೇಶ ಮಾಡಿತು. ಅಂದರೆ ಸಾಹಿತ್ಯ ಬೇರೆ, ರಾಗ ಬೇರೆ ಅನ್ನುವುದು ಸರ್ಕಾರಕ್ಕೆ ಚೆನ್ನಾಗಿ ಗೊತ್ತು. ಅದಕ್ಕೆ ಮೂರನೆಯದಾಗಿ ರೆಕಾರ್ಡಿಂಗ್ ಸೇರಿಸಿ. ಸ್ಟುಡಿಯೋದವರು ಮಾಸ್ಟರ್ ಅನ್ನುವುದು ಇದನ್ನೇ. ಅದರ ಮಾಲೀಕ ಬೇರೆಯವನೇ ಇರಬಹುದು. ಹಾಡಿದವರ, ನುಡಿಸಿದವರ ಹಕ್ಕು ನಾಲ್ಕನೆಯದು. ಅದಕ್ಕೆ ಆಮೇಲೆ ಬರುತ್ತೇನೆ.

ಸ್ವತಂತ್ರ ಕಲಾವಿದರು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಹುಡುಗರು ಆನ್‌ಲೈನಿನಲ್ಲಿ ಯಾವುದೋ ವಿತರಕ ಕಂಪನಿಯ ಮೂಲಕ ಹಾಡನ್ನು ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್ ಎಲ್ಲ ಕಡೆ ಹಾಕುತ್ತಾರೆ. ಅಲ್ಲಿಂದ ಬರುವುದು ಮಾಸ್ಟರ್‌ನ ದುಡ್ಡು. ಅದೂ 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದಿದ್ದರೆ ರೆಕಾರ್ಡಿಂಗ್ ಬಾಬ್ತು ಏನೂ ಹುಟ್ಟುವುದಿಲ್ಲ. ತುಳು, ಕೊಡವ, ಬ್ಯಾರಿ ಭಾಷೆಯಲ್ಲಿ ಹಾಡುವವರಿಗೆ ಇದು ಎಷ್ಟು ಕಷ್ಟ ಅಂತ ನೀವೇ ಯೋಚಿಸಿ.

ಸಾಹಿತ್ಯ ಮತ್ತು ರಾಗದ ಬಾಬ್ತು ಬರುವ ದುಡ್ಡು ಬೇರೆಯೇ ದಾರಿಯಲ್ಲಿ ಹರಿಯುತ್ತದೆ. ಸಂಗೀತದವರು ಪಬ್ಲಿಷಿಂಗ್ ಅನ್ನುವುದು ಇದನ್ನೇ. ನಮ್ಮ ದೇಶದಲ್ಲಿ ಅದನ್ನು ವಸೂಲಿ ಮಾಡಿ ಹಂಚುವುದು ಮುಂಬಯಿಯ ಐಪಿಆರ್‌ಎಸ್. 1969ರಲ್ಲಿ ಶುರುವಾದ ಸಂಸ್ಥೆ, ಹೊಸ ಕಾನೂನಿನ ಅಡಿ 2017ರಲ್ಲಿ ಮತ್ತೆ ನೋಂದಣಿ ಆಯಿತು. ಗೀತರಚನೆಕಾರರು, ಸಂಯೋಜಕರು ಅದರ ಸದಸ್ಯರಾಗಬೇಕು, ಪ್ರತಿ ಹಾಡನ್ನೂ ಅಲ್ಲಿ ದಾಖಲು ಮಾಡಿಸಬೇಕು, ಯಾರ ಪಾಲು ಎಷ್ಟು ಅಂತ ಬರೆಯಬೇಕು. ಹಾಡಿದವರ ಬಾಬ್ತಿಗೆ ಇಸ್ರಾ ಅಂತ ಗಾಯಕರ ಸಂಘ 2013ರಲ್ಲಿ ನೋಂದಣಿ ಆಯಿತು, ಈಗ ಅದರ ಹೆಸರು ಇಸಮ್ರಾ. ಇವೆರಡರ ಹೆಸರನ್ನೇ ಕೇಳದ ಹಾಡುಗಾರರು ನಮ್ಮ ಕಡೆ ಎಷ್ಟೋ ಜನ ಇದ್ದಾರೆ. ವಿತರಕರಿಂದ ಚಿಲ್ಲರೆ ಬಂದ ಕೂಡಲೇ ಹಾಡಿನ ದುಡ್ಡೆಲ್ಲ ಬಂತು ಅಂದುಕೊಳ್ಳುತ್ತಾರೆ. ಅವರ ಬರವಣಿಗೆಯ ದುಡ್ಡು ಯಾರ ಹೆಸರೂ ಇಲ್ಲದೆ ಎಲ್ಲೋ ನಿಂತಿರುತ್ತದೆ.

ನಮ್ಮೂರಿನವರಿಗೆ ಇದನ್ನು ವಿವರಿಸುವಾಗ ನಾನು ಹೊಲದ ಮಾತು ಆಡುತ್ತೇನೆ. ಹೊಲ ಕ್ರಯಕ್ಕೆ ಕೊಡುವುದು ಬೇರೆ, ಲಾವಣಿಗೆ, ಅಂದರೆ ಗೇಣಿಗೆ, ಹಾಕುವುದು ಬೇರೆ. ಆಡಿಯೋ ಕಂಪನಿಗೆ ಹಾಡನ್ನು ಮೂರೋ ಐದೋ ವರ್ಷ ಲೈಸೆನ್ಸ್ ಕೊಟ್ಟರೆ ಅದು ಲಾವಣಿ, ಅವಧಿ ಮುಗಿದ ಮೇಲೆ ಹೊಲ ನಿಮ್ಮದೇ. ಹಕ್ಕು ಪೂರ್ತಿ ಬರೆದುಕೊಟ್ಟರೆ ಅದು ಕ್ರಯಪತ್ರ. ಇಷ್ಟು ಹೇಳಿದರೆ ಎಂಬತ್ತರ ಅಜ್ಜನೂ ತಲೆ ಆಡಿಸಿ, "ಪಹಣಿ ಯಾರ ಹೆಸರಿಗೆ ಐತಿ ಹಂಗಾದ್ರ?" ಅಂತ ಕೇಳುತ್ತಾನೆ. ಅದೇ ನನ್ನ ಪ್ರಶ್ನೆಯೂ. ಭೂಮಿ ಯೋಜನೆಯಲ್ಲಿ ರಾಜ್ಯದ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ತಂದ ಸರ್ಕಾರ ನಮ್ಮದು. ಕಲಾವಿದರ ಹಾಡಿನ ಲೆಕ್ಕಕ್ಕೆ ಒಂದು ಕನ್ನಡ ನಮೂನೆ ಮಾಡುವುದು ಅದಕ್ಕೆ ಕಷ್ಟವಾ?

ಈಗ ಸ್ವಲ್ಪ ಖಾರದ ಮಾತು. ಸರ್ಕಾರವೂ ಹಾಡು ಮಾಡಿಸುತ್ತದೆ. ಉತ್ಸವಕ್ಕೆ ಶೀರ್ಷಿಕೆ ಗೀತೆ, ಯೋಜನೆಗೆ ಜಾಗೃತಿ ಗೀತೆ, ಚುನಾವಣೆಗೆ ಮತದಾನದ ಗೀತೆ. ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಸರ್ಕಾರ ಹೇಳಿ ಮಾಡಿಸಿದ ಕೃತಿಗೆ ಸರ್ಕಾರವೇ ಮೊದಲ ಮಾಲೀಕ, ಬೇರೆ ಒಪ್ಪಂದ ಇಲ್ಲದಿದ್ದರೆ. ಆ ಕೊನೆಯ ಮೂರು ಪದಗಳ ಮೇಲೆ ನನ್ನ ಕಣ್ಣು. ಬೇರೆ ಒಪ್ಪಂದ ಮಾಡಿಕೊಳ್ಳುವುದಕ್ಕೆ ಕಾನೂನೇ ಬಾಗಿಲು ತೆರೆದಿಟ್ಟಿದೆ. ಹಾಡನ್ನು ಇಲಾಖೆ ಎಲ್ಲಿ ಬೇಕಾದರೂ, ಎಷ್ಟು ಸಲ ಬೇಕಾದರೂ ಬಳಸಿಕೊಳ್ಳಲಿ, ಅದಕ್ಕೆ ಕೊಟ್ಟ ದುಡ್ಡು ಸಾಕು. ಮಾಲೀಕತ್ವ ಮಾತ್ರ ಬರೆದವರಲ್ಲಿ, ರಾಗ ಹಾಕಿದವರಲ್ಲಿ ಇರಲಿ. ನಾಳೆ ಅದೇ ಹಾಡನ್ನು ಅವರು ತಮ್ಮ ಆಲ್ಬಮ್ಮಿನಲ್ಲಿ ಹಾಡಬಹುದು, ಸಿನಿಮಾದವರು ಕೇಳಿದರೆ ಕೊಡಬಹುದು. ಸರ್ಕಾರಕ್ಕೆ ಇದರಿಂದ ಒಂದು ರೂಪಾಯಿಯ ನಷ್ಟವೂ ಇಲ್ಲ. ಜಾಗೃತಿ ಗೀತೆಯ ಮಾಲೀಕತ್ವ ಇಟ್ಟುಕೊಂಡು ಇಲಾಖೆ ಮಾಡುವುದಾದರೂ ಏನು?

ಉತ್ಸವಗಳ ವಿಷಯವೂ ಇದಕ್ಕೆ ಹೊಂದಿಕೊಂಡದ್ದೇ. ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಅಧಿಕೃತ ಸಮಾರಂಭದಲ್ಲಿ ಹಾಡು ಬಳಸಿದರೆ ಕೃತಿಸ್ವಾಮ್ಯದ ಉಲ್ಲಂಘನೆ ಆಗುವುದಿಲ್ಲ ಅಂತ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಮದುವೆ ಮೆರವಣಿಗೆಗೂ ಇದೆ. ಸರಿ. ಸ್ವಾತಂತ್ರ್ಯ ದಿನದ ಧ್ವಜಾರೋಹಣಕ್ಕೆ, ರಾಜ್ಯೋತ್ಸವದ ಬೆಳಗಿನ ಸಭೆಗೆ ರಾಯಲ್ಟಿ ಕೇಳುವಷ್ಟು ದುರಾಸೆ ನಮಗಿಲ್ಲ. ಆದರೆ ಪ್ರಾಯೋಜಕರ ಫ್ಲೆಕ್ಸ್ ಕಟ್ಟಿ, ದೊಡ್ಡ ಸಂಭಾವನೆ ಕೊಟ್ಟು ಮುಂಬಯಿಯಿಂದ ತಾರೆಯರನ್ನು ಕರೆಸಿ ಮಾಡುವ ಉತ್ಸವದ ಸಂಜೆ ಕೂಡ ಧ್ವಜಾರೋಹಣದಷ್ಟೇ ಅಧಿಕೃತ ಸಮಾರಂಭವಾ? ವಕೀಲರು ಎರಡೂ ಕಡೆ ವಾದ ಮಾಡಬಹುದು. ಹಂಪಿ ಉತ್ಸವ, ಕಿತ್ತೂರು ಉತ್ಸವ, ಬನವಾಸಿಯ ಕದಂಬೋತ್ಸವ, ಮೈಸೂರಿನ ಯುವ ದಸರಾ ಇವುಗಳ ಮಟ್ಟಿಗಾದರೂ ಇಲಾಖೆ ಆ ವಿನಾಯಿತಿಯ ನೆರಳಿಗೆ ಹೋಗದೆ ಲೈಸೆನ್ಸ್ ಶುಲ್ಕ ಕಟ್ಟಲಿ ಅನ್ನುವುದು ನನ್ನ ಅಭಿಪ್ರಾಯ. ಶಾಮಿಯಾನಕ್ಕೆ, ಜನರೇಟರಿಗೆ, ಊಟಕ್ಕೆ ಬಿಲ್ ಪಾಸಾಗುತ್ತದೆ. ಹಾಡು ಬರೆದವನಿಗೂ ಒಂದು ಬಿಲ್ ಇರಲಿ.

ಅದರ ಜೊತೆಗೆ ಹಾಡಿದ ಹಾಡುಗಳ ಪಟ್ಟಿಯನ್ನೂ ಇಟ್ಟುಕೊಳ್ಳಿ. ಯಾವ ಹಾಡು, ಸಾಹಿತ್ಯ ಯಾರದು, ರಾಗ ಯಾರದು. ಒಂದು ಹಾಳೆ, ಅಷ್ಟೇ. ಪಟ್ಟಿ ಇಲ್ಲದೆ ಶುಲ್ಕ ಕಟ್ಟಿದರೆ ಆ ದುಡ್ಡು ಯಾರಿಗೆ ಸೇರಬೇಕು ಅಂತ ಹೇಳುವವರೇ ಇರುವುದಿಲ್ಲ. ಹೆಚ್ಚು ಸದ್ದು ಮಾಡುವ ಸಿನಿಮಾ ಹಾಡುಗಳ ಕಡೆಗೇ ಹೋಗುತ್ತದೆ.

ಜಾನಪದ ಕಲಾವಿದರದು ಇನ್ನೊಂದು ಕಥೆ. ಮಲೆ ಮಹದೇಶ್ವರನ ಕಾವ್ಯಕ್ಕೆ, ಮಂಟೇಸ್ವಾಮಿ ಕಾವ್ಯಕ್ಕೆ ಯಾರೂ ಮಾಲೀಕರಿಲ್ಲ, ಅದು ಎಲ್ಲರದು. ಆದರೆ ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡಿದ ಆ ದನಿ ಆ ಕಲಾವಿದನದು. ಕಾನೂನು ಪ್ರದರ್ಶಕರ ಹಕ್ಕು ಅಂತ ಇದನ್ನು ಬೇರೆಯಾಗಿಯೇ ಗುರುತಿಸಿದೆ, 50 ವರ್ಷದವರೆಗೆ. ಪ್ರದರ್ಶಕರು ಯಾರು ಅಂತ ಹೇಳುವಾಗ ಗಾಯಕ, ವಾದಕ, ನರ್ತಕರ ಜೊತೆಗೆ ದೊಂಬರಾಟದವರನ್ನು, ಹಾವಾಡಿಗರನ್ನೂ ಕಾಯ್ದೆ ಹೆಸರಿಸಿದೆ. ಹಾವಾಡಿಗನನ್ನು ನೆನಪಿಟ್ಟುಕೊಂಡ ಕಾನೂನನ್ನು ನಮ್ಮ ಉತ್ಸವ ಸಮಿತಿಗಳು ನೆನಪಿಟ್ಟುಕೊಳ್ಳಬಾರದಾ? ಪ್ರದರ್ಶನವನ್ನು ರೆಕಾರ್ಡ್ ಮಾಡುವುದಕ್ಕೆ, ಪ್ರಸಾರ ಮಾಡುವುದಕ್ಕೆ ಕಲಾವಿದರ ಒಪ್ಪಿಗೆ ಬೇಕು. ಅವರ ಹೆಸರು ಹಾಕಬೇಕು. ವಾಣಿಜ್ಯ ಬಳಕೆ ಆದರೆ ರಾಯಲ್ಟಿಯಲ್ಲಿ ಅವರಿಗೂ ಪಾಲಿದೆ. ವೇದಿಕೆಯ ಕಾರ್ಯಕ್ರಮ ಈಗ ನೇರವಾಗಿ ಯೂಟ್ಯೂಬಿಗೆ ಹೋಗುತ್ತದೆ, ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಒಪ್ಪಿಗೆಯ ಒಂದು ಪುಟವನ್ನು ಕನ್ನಡದಲ್ಲಿ ಮಾಡಿಸಿ. ಓದು ಬರದವರಿಗೆ ಯಾರಾದರೂ ಕೂತು ಓದಿ ಹೇಳಲಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲಿ.

ಎಲ್ಲರದಾದ ಹಾಡಿಗೂ ಬೇಲಿ ಹಾಕುವವರಿದ್ದಾರೆ. ನಮ್ಮ ತಂಡ ಶಿಶುನಾಳ ಶರೀಫರ ಒಂದು ತತ್ವಪದ ಹಾಡಿ ಯೂಟ್ಯೂಬಿಗೆ ಹಾಕಿದ ಸ್ವಲ್ಪ ದಿನಕ್ಕೆ ಈ ಹಾಡು ನಮ್ಮದು ಅಂತ ಒಂದು ಆಡಿಯೋ ಕಂಪನಿಯಿಂದ ಕ್ಲೈಮ್ ಬಂತು. ಶರೀಫರು ತೀರಿಕೊಂಡದ್ದು 1889ರಲ್ಲಿ. ಕೃತಿಸ್ವಾಮ್ಯ ಇರುವುದು ಕವಿ ತೀರಿಕೊಂಡು 60 ವರ್ಷದವರೆಗೆ. ಅಶ್ವಥ್ ಅವರು ಹಾಕಿದ ರಾಗದಲ್ಲಿ ಹಾಡಿದ್ದರೆ ಮಾತು ಬೇರೆ. ಅವರು 2009ರಲ್ಲಿ ಹೋದರು, ಅವರ ಸಂಯೋಜನೆಗೆ 2069ರ ಕೊನೆಯವರೆಗೂ ಹಕ್ಕಿದೆ, ಇರಲೇಬೇಕು. ನಾವು ಹಾಡಿದ್ದು ನಮ್ಮ ಕಡೆ ಭಜನಾ ಮೇಳಗಳಲ್ಲಿ ಹಾಡುವ ಹಳೆಯ ಧಾಟಿ. ಹಾಡುಗಳನ್ನು ಹೋಲಿಸಿ ನೋಡುವ ಯೂಟ್ಯೂಬಿನ ಯಂತ್ರಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ, ಬಿಡಿ. ಆಕ್ಷೇಪಣೆ ಬರೆದ ಮೇಲೆ ಕಂಪನಿಯವರು ಕ್ಲೈಮ್ ಬಿಟ್ಟರು. ಅಷ್ಟರಲ್ಲಿ ಹಾಡನ್ನು ಜನ ಕೇಳುವ ಕಾಲವೇ ಮುಗಿದಿತ್ತು. ಇಂಥದ್ದು ಆದಾಗ ಈ ಪದ ಸಾರ್ವಜನಿಕ ಸ್ವತ್ತು ಅಂತ ತೋರಿಸುವುದಕ್ಕೆ ಅಕಾಡೆಮಿಯ ಒಂದು ಪಟ್ಟಿ ಇದ್ದರೆ ಎಷ್ಟು ಅನುಕೂಲ ಅಲ್ವಾ? ದಾಸರ ಪದ, ವಚನ, ತತ್ವಪದ, ಅವುಗಳ ಹಳೆಯ ಧಾಟಿಗಳು. ಹಾಗೆಯೇ ಹಕ್ಕು ಇನ್ನೂ ಉಳಿದಿರುವ ಕವಿಗಳದು. ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೆ ಅನುಮತಿ ಬೇಕು. ಯಾವ ಕವಿಗೆ ಯಾರನ್ನು ಕೇಳಬೇಕು ಅಂತ ಒಂದೇ ಕಡೆ ಸಿಕ್ಕರೆ ಹೊಸಬರು ಕದ್ದು ಹಾಡುವ ಪ್ರಶ್ನೆಯೇ ಬರುವುದಿಲ್ಲ.

ಕಾಗದ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ 2022ರ 'ಕಾಂತಾರ' ಸಿನಿಮಾದ ಗಲಾಟೆ ನೋಡಿ. ಅದರ 'ವರಾಹ ರೂಪಂ' ಹಾಡು ತಮ್ಮ 'ನವರಸಂ' ಹಾಡಿನಂತಿದೆ ಅಂತ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕೋಯಿಕ್ಕೋಡ್ ನ್ಯಾಯಾಲಯಕ್ಕೆ ಹೋಯಿತು. ತಡೆಯಾಜ್ಞೆ ಸಿಕ್ಕಿತು, ಅಷ್ಟು ದೊಡ್ಡ ಸಿನಿಮಾದ ಹಾಡು ಸ್ವಲ್ಪ ಕಾಲ ಆ್ಯಪ್‌ಗಳಿಂದ ಕೆಳಗಿಳಿಯಿತು. ಆಮೇಲೆ ಪ್ರಕರಣ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಓಡಾಡಿತು. ಯಾರ ಕಡೆ ಸರಿ ಇತ್ತು ಅನ್ನುವ ತೀರ್ಮಾನ ನನ್ನದಲ್ಲ. ನನಗೆ ಮುಖ್ಯವಾದದ್ದು, ಸಿನಿಮಾದವರಲ್ಲದ ಒಂದು ತಂಡ ಅಷ್ಟು ದೊಡ್ಡವರ ಎದುರು ನಿಂತು ಕೇಳುವುದಕ್ಕಾಯಿತು. ಹಾಡಿನ ಹಕ್ಕು ಹೊಂದಿದ್ದ ಮಾತೃಭೂಮಿ ಸಂಸ್ಥೆಯೂ ಬೇರೆಯಾಗಿ ನ್ಯಾಯಾಲಯಕ್ಕೆ ಹೋಗುವಷ್ಟು ಕಾಗದ ಪತ್ರ ಸರಿ ಇತ್ತು. ನಾಳೆ ಗದಗಿನ ಒಬ್ಬ ಹುಡುಗನ ಟ್ಯೂನನ್ನು ಯಾರೋ ಎತ್ತಿಕೊಂಡರೆ ಅವನು ಏನು ತೋರಿಸುತ್ತಾನೆ? ವಾಟ್ಸ್ಆ್ಯಪ್ಪಿನ ಒಂದು ವಾಯ್ಸ್ ನೋಟು.

ಕೃತಿಸ್ವಾಮ್ಯ ನೋಂದಣಿ ಕಡ್ಡಾಯವಲ್ಲ, ಹಾಡು ಹುಟ್ಟಿದಾಗಲೇ ಹಕ್ಕು ಹುಟ್ಟುತ್ತದೆ. ಆದರೂ ಜಗಳದ ದಿನ ಅದೊಂದು ಆಧಾರ. ಸಾಹಿತ್ಯಕ್ಕೆ 500 ರೂಪಾಯಿ, ಸಂಗೀತಕ್ಕೆ 500, ರೆಕಾರ್ಡಿಂಗಿಗೆ 2,000. ಮೂರೂ ಸೇರಿದರೆ 3,000. ಹತ್ತು ಹಾಡು ಮಾಡಿದವನಿಗೆ ಇದು ಸಣ್ಣ ಮೊತ್ತವಲ್ಲ. ಇಲಾಖೆ ಇದರಲ್ಲಿ ಸ್ವಲ್ಪ ಭರಿಸಿದರೆ ಸಂತೋಷ. ಭರಿಸದಿದ್ದರೂ ನಡೆಯುತ್ತದೆ, ಕರಾರು ಪತ್ರದ ಮಾತು ಮಾತ್ರ ಬಿಡಬೇಡಿ.

ಇದಕ್ಕೆ ಹೊಸ ಕಚೇರಿ, ಹೊಸ ಹುದ್ದೆ ಏನೂ ಬೇಡ. ಮಾಸಾಶನಕ್ಕಾಗಿ ಕಲಾವಿದರ ಪಟ್ಟಿ ನಿಮ್ಮಲ್ಲಿ ಈಗಾಗಲೇ ಇದೆ. ಪ್ರತಿ ಜಿಲ್ಲೆಯಲ್ಲಿ ನಿಮ್ಮ ಸಹಾಯಕ ನಿರ್ದೇಶಕರಿದ್ದಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. 1987ರ ಕಾಯ್ದೆ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ವಕೀಲರ ನೆರವು ಉಚಿತ. ತಮಟೆಯವರು, ಚೌಡಿಕೆಯವರು, ಸೋಬಾನೆ ಹಾಡುವ ತಾಯಂದಿರು, ಇವರಲ್ಲಿ ಬಹಳಷ್ಟು ಜನ ಈ ನೆರವಿಗೆ ಅರ್ಹರೇ. ಹಾಡಿನ ಕರಾರಿಗೂ ಅಲ್ಲಿಗೆ ಹೋಗಬಹುದು ಅಂತ ಅವರಿಗೆ ಯಾರೂ ಹೇಳಿಲ್ಲ. ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವೇ ಇದೆ. ಅಲ್ಲಿನ ವಿದ್ಯಾರ್ಥಿಗಳು ತಿಂಗಳಿಗೊಂದು ಸಂಜೆ ರಂಗಮಂದಿರದ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ, ನಮ್ಮವರು ತಮ್ಮ ಕರಾರು ಪತ್ರ ತಂದು ತೋರಿಸುತ್ತಾರೆ.

ಕರಡು ಬರೆಯುವುದಕ್ಕೆ ಜನ ಇಲ್ಲ ಅನ್ನುವುದಾದರೆ ನಮ್ಮನ್ನು ಕರೆಯಿರಿ. ಬರೆಯುವವರು, ರಾಗ ಹಾಕುವವರು, ಹಾಡುವವರು, ನುಡಿಸುವವರು, ರೆಕಾರ್ಡಿಂಗ್ ಎಂಜಿನಿಯರುಗಳು ಸೇರಿ ಎರಡು ಪುಟದಲ್ಲಿ ಮುಗಿಸುತ್ತೇವೆ. ಸಂಭಾವನೆ ಬೇಡ. ಇಲಾಖೆಯಿಂದ ಒಬ್ಬ ವಕೀಲರು ಕೂತು ತಪ್ಪು ತಿದ್ದಿದರೆ ಸಾಕು. ಆಡಿಯೋ ಕಂಪನಿಯವರನ್ನೂ ಕರೆಯಿರಿ, ಅವರದೂ ಒಂದು ಕಷ್ಟ ಇರುತ್ತದೆ, ಕೇಳೋಣ. ಈ ರಾಜ್ಯೋತ್ಸವಕ್ಕೆ ಎಷ್ಟೋ ಹೊಸ ಹಾಡುಗಳು ತಯಾರಾಗುತ್ತವೆ. ಅವುಗಳಲ್ಲಿ ಇಲಾಖೆ ಮಾಡಿಸುವ ಹಾಡಿಗಾದರೂ ಆ ಎರಡು ಪುಟ ಬಳಸಿ ನೋಡಿ. ದಿನ ಗೊತ್ತು ಮಾಡಿ ತಿಳಿಸಿದರೆ ಬೆಂಗಳೂರಿಗೆ ನಮ್ಮ ಖರ್ಚಿನಲ್ಲೇ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಧಾರವಾಡದ ಒಬ್ಬ ಹಾಡುಗಾರ, ಗೆಳೆಯರ ಪರವಾಗಿ